ಮೆಂಬರಿನ ಮುಯ್ಯಾಳು

ಹೂವಮ್ಮ ಪಂಚಾಯಿತಿ ಮೆಂಬರ್ ಆದದ್ದು ಬೇರೆ ಯಾರೂ ಆಗಲು ಒಪ್ಪಲಿಲ್ಲ ಎಂಬ ಕಾರಣಕ್ಕೆ.

ಎರಡು ಸಾವಿರದ ಐದರ ಚುನಾವಣೆಯಲ್ಲಿ ನಮ್ಮ ವಾರ್ಡು ಪರಿಶಿಷ್ಟ ಜಾತಿಯ ಹೆಂಗಸರಿಗೆ ಮೀಸಲಾಯಿತು. ಕೊಪ್ಪ ತಾಲ್ಲೂಕಿನ ಮಾವಿನಹಡ್ಲು ಕಾಲೊನಿಯಲ್ಲಿ ಇರುವುದು ಇಪ್ಪತ್ತಾರು ಮನೆ. ಅಷ್ಟೂ ಮನೆಯ ಹೆಂಗಸರು ಹೋಗುವುದು ಬೆಟ್ಟದತೋಟ ಎಂಬ ಕಾಫಿ ಎಸ್ಟೇಟಿನ ಕೂಲಿಗೆ. ಬೆಳಿಗ್ಗೆ ಎಂಟಕ್ಕೆ ಹಾಜರಿ. ಎಂಟೂ ಐದಕ್ಕೆ ಹೋದರೆ ಆ ದಿನ ಇಲ್ಲ. ಇಂಥವರಲ್ಲಿ ಯಾರಿಗೆ ಬೇಕು ಮೆಂಬರ್‌ಗಿರಿ? ಮುಂದೆ ಪಂಚಾಯಿತಿ ಅಧ್ಯಕ್ಷರಾದ ಷಡಕ್ಷರಪ್ಪ ಒಂದು ದಿನ ಜೀಪಿನಲ್ಲಿ ಬಂದು ನಮ್ಮ ಬಾವಿಕಟ್ಟೆಯ ಹತ್ತಿರ ನಿಂತರು.

"ಯಾರಾದ್ರೂ ಒಬ್ಳು ಸೈನ್ ಹಾಕ್ರೆ ಮಾರಾಯ್ತಿ. ಬಾಕಿದೆಲ್ಲ ನಾವು ನೋಡ್ಕೊಳ್ತೀವಿ" ಅಂದರು.

ಏಳನೇ ಕ್ಲಾಸಿನವರೆಗೆ ಓದಿದವಳು ಹೂವಮ್ಮ ಒಬ್ಬಳೇ. ಗಂಡ ಸತ್ತು ಆರು ವರ್ಷವಾಗಿತ್ತು. ಅತ್ತೆ, ಒಬ್ಬಳು ಮಗಳು. ಸೈನ್ ಹಾಕಿದಳು. ಅವಿರೋಧ ಆಯ್ಕೆ ಅಂತ ಹಾರ ಹಾಕಿದರು. ಮರುದಿನ ಎಂಟು ಗಂಟೆಗೆ ಅವಳು ಎಸ್ಟೇಟಿನ ಹಾಜರಿ ಸಾಲಿನಲ್ಲಿ ನಿಂತಿದ್ದಳು.

ನಾನು ಧರ್ಮಪ್ಪ. ಅದೇ ಕಾಲೊನಿಯವನು. ಪಂಚಾಯಿತಿಯಲ್ಲಿ ನೀರುಗಂಟಿ. ಬೆಳಿಗ್ಗೆ ಎದ್ದು ಊರಿಗೆ ನೀರು ಬಿಡುವುದು ನನ್ನ ಕೆಲಸ. ಅದು ಮುಗಿದ ಮೇಲೆ ಆಫೀಸು ಗುಡಿಸುವುದು, ನೋಟಿಸು ಹಂಚುವುದು, ಚಾ ತರುವುದು, ಕಾರ್ಯದರ್ಶಿ ಹೇಳಿದ್ದನ್ನು ಪುಸ್ತಕದಲ್ಲಿ ಬರೆಯುವುದು, ಇದೂ ನನ್ನ ಕೆಲಸವೇ. ನನ್ನ ಅಕ್ಷರ ದುಂಡಗಿದೆ, ಅದೇ ನನಗೆ ಮುಳುವಾಯಿತು. ನನ್ನ ನೌಕರಿ ಖಾಯಂ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಾನು ಮಾಡಿದ ಎಲ್ಲದಕ್ಕೂ ಇದನ್ನೇ ನೆಪ ಮಾಡಿಕೊಂಡಿದ್ದೇನೆ.

ದೊಡ್ಡವರು ಅಂದುಕೊಂಡದ್ದು ಅವಳು ಮನೆಯಲ್ಲೇ ಇರುತ್ತಾಳೆ, ಪುಸ್ತಕ ಮನೆಗೆ ಕಳಿಸಿ ಸೈನ್ ಹಾಕಿಸಿಕೊಂಡರಾಯಿತು ಅಂತ. ಹೂವಮ್ಮ ಮೊದಲ ಸಭೆಗೇ ಬಂದು ಕೂತಳು. ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅರ್ಧ ಕುರ್ಚಿಯಲ್ಲಿ. ಕಾಲೊನಿಯ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಪೈಪ್ ಎಳೆಸಿ ಅಂದಳು. ಎರಡನೇ ಸಭೆಗೂ ಅದನ್ನೇ ಅಂದಳು. ಮೂರನೇ ಸಭೆಗೂ. ವಿಧವೆ ಪಿಂಚಣಿಗೆ ಅಂತ ಮುದುಕಿಯರನ್ನು ಕೊಪ್ಪದ ತಾಲ್ಲೂಕು ಆಫೀಸಿಗೆ ಕರೆದುಕೊಂಡು ಹೋದಳು. ರೇಷನ್ ಕಾರ್ಡಿಗೆ ಅಲೆದಳು. ತರಬೇತಿ ಅಂತ ಎರಡು ದಿನ ಹೋಗಿ ಕೂತು ಬಂದಳು. ಹೀಗೆ ತಿಂಗಳಿಗೆ ನಾಲ್ಕೈದು ದಿನ ಕೈಬಿಟ್ಟುಹೋಗುತ್ತಿತ್ತು. ಕೂಲಿಯವಳಿಗೆ ಆ ನಾಲ್ಕೈದು ದಿನ ಅಂದರೆ ಅಕ್ಕಿ.

ಸರ್ಕಾರ ಕೊಡುತ್ತಿದ್ದದ್ದು ಗೌರವಧನ. ತಿಂಗಳಿಗೊಂದು ಸಭೆಯ ಲೆಕ್ಕದಲ್ಲಿ, ಅದೂ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ. ಒಂದು ಸಭೆಗೆ ಸಿಗುವುದು ಒಂದು ದಿನದ ಕೂಲಿಗಿಂತ ಚೂರು ಮೇಲೆ. ಕೊಪ್ಪಕ್ಕೆ ಹೋಗಿಬಂದ ಬಸ್ ಚಾರ್ಜಿಗೆ ಅದರಲ್ಲಿ ಜಾಗ ಇಲ್ಲ. ಆದರೂ ಹೂವಮ್ಮ ಅದಕ್ಕೆ ಕಾದಿದ್ದಳು. ಮಗಳ ಶಾಲೆಯ ಶೂಸು, ಅತ್ತೆಯ ಕಣ್ಣು, ಹೀಗೆ ಅದಕ್ಕೆ ನಾಲ್ಕು ಕಡೆ ಹೆಸರಿಟ್ಟಿದ್ದಳು.

ಮೊದಲ ವರ್ಷದ ಗೌರವಧನ ಬಂದ ದಿನ ತ್ರಿಪುರಸುಂದರಿಯಮ್ಮ ಎದ್ದುನಿಂತರು. ಅವರೂ ಮೆಂಬರ್. ತೋಟ, ಗದ್ದೆ ಎಲ್ಲ ಇರುವ ಮನೆಯವರು. ಕೆಟ್ಟವರಲ್ಲ, ನಾನು ಚಾ ಕೊಟ್ಟರೆ "ನೀನು ಕುಡಿದ್ಯಾ?" ಅಂತ ಕೇಳುವ ಒಬ್ಬರೇ ಅವರು.

"ನಾವ್ಯಾರೂ ಈ ದುಡ್ಡಿಗೆ ಬಂದವರಲ್ಲ. ಎಲ್ಲರ ಗೌರವಧನ ಸೇರಿಸಿ ಶಾಲೆಗೆ ಒಂದು ಧ್ವಜಕಟ್ಟೆ ಕಟ್ಟಿಸುವ" ಅಂದರು.

ಎಲ್ಲರೂ ಮೇಜು ತಟ್ಟಿದರು. ಹೂವಮ್ಮನ ಕಡೆ ಯಾರೂ ನೋಡಲಿಲ್ಲ. ಅವಳು ಬಾಯಿ ತೆರೆದದ್ದು ನಾನು ನೋಡಿದೆ. ಅಷ್ಟರಲ್ಲಿ ಕಾರ್ಯದರ್ಶಿ ವಿದ್ಯಾಶಂಕರ "ಸರ್ವಾನುಮತ" ಅಂದರು. ನಾನು ಬರೆದೆ. ಧ್ವಜಕಟ್ಟೆಯ ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸಿದರು. ಕೊನೆಯಲ್ಲಿ "ಶ್ರೀಮತಿ ಹೂವಮ್ಮ". ಅವಳ ಹೆಸರಿನ ಹಿಂದೆ ಶ್ರೀಮತಿ ಬಂದದ್ದು ಅದೇ ಮೊದಲು. ಎರಡನೇ ವರ್ಷವೂ ಅದೇ ಠರಾವು, ಈ ಸಲ ಶಾಲೆಯ ಗೇಟಿಗೆ.

ಅಷ್ಟು ಹೊತ್ತಿಗೆ ಎಸ್ಟೇಟಿನ ರೈಟರ್ ಮಲ್ಲೇಶಪ್ಪ ಅವಳಿಗೆ ತಾಕೀತು ಮಾಡಿದ್ದ. ಹಾಜರಿ ಬರೆಯುವವನು ಅವನೇ, ಶನಿವಾರ ಕೂಲಿ ಬಟವಾಡೆ ಮಾಡುವವನೂ ಅವನೇ.

"ನೀನು ಮೆಂಬರಾಗು, ಮಂತ್ರಿಯಾಗು, ನಂಗೇನು? ತಿಂಗಳಿಗೆ ಮೂರು ದಿನಕ್ಕಿಂತ ಜಾಸ್ತಿ ತಪ್ಸಿದ್ರೆ ಹಾಜರಿಯಿಂದ ಹೆಸರು ಹೊಡೀತೀನಿ. ಬದಲಿ ಆಳು ಕೊಡೋ ಹಂಗಿದ್ರೆ ಕೊಡು. ನಂಗೆ ತಲೆ ಲೆಕ್ಕ ಸರಿ ಇದ್ರೆ ಸಾಕು."

ಇದನ್ನು ಕೇಳಿ ಕಾಲೊನಿಯ ಹೆಂಗಸರು ತಾವೇ ಒಂದು ದಾರಿ ಹುಡುಕಿದರು. ಮುಯ್ಯಾಳು. ನಮ್ಮ ಕಡೆ ಅದು ಹೊಸದಲ್ಲ. ಇವತ್ತು ನಿನ್ನ ಗದ್ದೆಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀನು ಬರಬೇಕು. ದುಡ್ಡು ಕೈ ಬದಲಾಗುವುದಿಲ್ಲ, ದಿನ ಬದಲಾಗುತ್ತದೆ. ಗದ್ದೆ ಇಲ್ಲದ ನಾವು ಮನೆಗೆ ಹುಲ್ಲು ಹೊದಿಸುವುದಕ್ಕೆ, ಮದುವೆಯ ಚಪ್ಪರಕ್ಕೆ ಹಾಗೆ ಮಾಡುತ್ತಿದ್ದೆವು. ಈಗ ಮೆಂಬರಿಗೆ ಮಾಡಿದರು. ಹೂವಮ್ಮ ಪಂಚಾಯಿತಿಗೆ ಹೋದ ದಿನ, ಅವತ್ತು ಕೆಲಸವಿಲ್ಲದೆ ಮನೆಯಲ್ಲಿರುವ ಒಬ್ಬಳು ಎಸ್ಟೇಟಿಗೆ ಹೋಗಿ ಅವಳ ಹೆಸರಿಗೆ "ಹಾಜರ್" ಅನ್ನಬೇಕು. ಕೂಲಿ ಹೂವಮ್ಮನಿಗೆ. ಹೂವಮ್ಮ ಭಾನುವಾರ ಆ ಮನೆಗೆ ಹೋಗಿ ಸೌದೆ ತಂದು ಒಡೆದುಕೊಟ್ಟೋ, ಹಾಸಿಗೆ ಬಟ್ಟೆ ಒಗೆದುಕೊಟ್ಟೋ ದಿನ ತೀರಿಸಬೇಕು. ಅವಳಿಗೆ ಆಮೇಲೆ ಭಾನುವಾರ ಅನ್ನುವುದೇ ಇರಲಿಲ್ಲ.

ಯೋಚನೆ ಮಾಡಿ ನೋಡಿ. ಒಂದು ಗ್ರಾಮ ಪಂಚಾಯಿತಿಯ ಸದಸ್ಯೆಗೆ ಸಂಬಳ ಕೊಡುತ್ತಿದ್ದವರು ಯಾರು? ಕೂಲಿ ಹೆಂಗಸರು. ತಮ್ಮ ಬೆನ್ನಿನಿಂದ ಕೊಡುತ್ತಿದ್ದರು. ವಿಧಾನಸೌಧದಲ್ಲಿ ಕೂತವರಿಗೆ ಇದು ಗೊತ್ತೇ? ಗೊತ್ತಿದ್ದರೂ ಏನು ಮಾಡುತ್ತಿದ್ದರು, ಅವರ ಸಂಬಳ ಅವರೇ ಏರಿಸಿಕೊಳ್ಳುತ್ತಾರೆ.

ಬದಲಿ ಹೋಗುತ್ತಿದ್ದವಳು ಹೆಚ್ಚಾಗಿ ಕಲ್ಲಮ್ಮ. ಐವತ್ತು ದಾಟಿದವಳು. ಮೊಣಕಾಲು ನೋವು ಅಂತ ಎರಡು ವರ್ಷದ ಹಿಂದೆ ಮಲ್ಲೇಶಪ್ಪ ಅವಳ ಹೆಸರನ್ನು ಹಾಜರಿಯಿಂದ ಹೊಡೆದಿದ್ದ. ಆದರೆ ಹೂವಮ್ಮನ ಹೆಸರಲ್ಲಿ ಬಂದರೆ ಅವನಿಗೆ ಅವಳ ಮೊಣಕಾಲು ಕಾಣುತ್ತಿರಲಿಲ್ಲ.

"ನಂಗೂ ಮನೇಲಿ ಕೂತು ಬ್ಯಾಸರ ಕಣೆ. ನೀನು ಹೋಗಿ ಪೈಪಿನ ವಿಷ್ಯ ಮಾತಾಡು. ನಾನು ಹೋಗಿ ಹೂವಮ್ಮ ಆಗ್ತೀನಿ" ಅಂತ ಕಲ್ಲಮ್ಮ ನಗುತ್ತಿದ್ದಳು.

ಎರಡು ಸಾವಿರದ ಏಳರ ಮೇ ಹದಿನಾಲ್ಕು, ಸೋಮವಾರ. ಹನ್ನೊಂದು ಗಂಟೆಗೆ ಸಭೆ. ಹೂವಮ್ಮ ಹತ್ತೂವರೆಗೇ ಬಂದಳು. ನಾನು ಸಭೆಯ ಹಾಜರಿ ಪುಸ್ತಕ ತೆಗೆದು ತಾರೀಕು ಬರೆದು ಇಟ್ಟಿದ್ದೆ. ನಮ್ಮ ಕಾರ್ಯದರ್ಶಿಗೆ ಎಲ್ಲ ಕನ್ನಡ ಅಂಕಿಯಲ್ಲೇ ಇರಬೇಕು, ಹಾಗಾಗಿ ೧೪ ಅಂತ ಬರೆದಿದ್ದೆ. ಕೆಳಗೆ ಅವಳು ಸೈನ್ ಹಾಕಿದಳು. ಕೂತಳು.

ಹನ್ನೆರಡಾಯಿತು. ಯಾರೂ ಇಲ್ಲ. ಒಂದು ಗಂಟೆಗೆ ನಾನು ಅವಳಿಗೆ ಚಾ ಮತ್ತು ಎರಡು ಬನ್ನು ತಂದುಕೊಟ್ಟೆ.

"ಎಂತ ಧರ್ಮಣ್ಣ, ಯಾರೂ ಬರ್ಲಿಲ್ವಲ?"

"ಬೇಗಾರು ಊರಲ್ಲಿ ಅಧ್ಯಕ್ಷರ ಷಡ್ಡಕನ ಮನೆ ಮದುವೆ ಅಂತೆ. ಎಲ್ಲ ಅಲ್ಲೇ ಇರ್ಬೇಕು."

"ಮುಂಚೆ ಹೇಳಿದ್ರೆ ನಾನು ಕೆಲ್ಸಕ್ಕೆ ಹೋಗ್ತಿದ್ನಲ" ಅಂದಳು. ಆದರೂ ಎದ್ದು ಹೋಗಲಿಲ್ಲ. ಹೋದರೆ, ಬಂದವರು ಹೂವಮ್ಮ ಬರಲಿಲ್ಲ ಅಂತ ಪೈಪಿನ ವಿಷಯ ಬಿಟ್ಟುಬಿಡುತ್ತಾರೆ ಎಂಬ ಭಯ. ಮೂರು ಗಂಟೆಯವರೆಗೆ ಗೋಡೆಯ ಮೇಲಿದ್ದ ಪೋಲಿಯೋ ಲಸಿಕೆಯ ಪಟ ನೋಡುತ್ತ ಕೂತಿದ್ದಳು. ಆಮೇಲೆ ಸೆರಗು ಕೊಡವಿ ಎದ್ದುಹೋದಳು.

ನಾಲ್ಕು ಗಂಟೆಗೆ ವಿದ್ಯಾಶಂಕರ ಬಂದರು. ಮದುವೆಯ ಎಲೆ ಅಡಿಕೆ ಬಾಯಲ್ಲಿತ್ತು. ಕೋರಂ ಇಲ್ಲ, ಸಭೆಯನ್ನು ಇಪ್ಪತ್ತನಾಲ್ಕಕ್ಕೆ ಇಟ್ಟುಕೊಳ್ಳೋಣ ಅಂತ ಅಧ್ಯಕ್ಷರು ಹೇಳಿದ್ದಾರೆ ಅಂದರು. ಪುಸ್ತಕ ನೋಡಿದರು.

"ಒಂದೇ ಸೈನು. ಇದಕ್ಕೆ ಒಂದು ಪುಟ ಎಂತಕ್ಕೆ ಹಾಳು ಮಾಡೋದು? ಒಂದಕ್ಕೆ ಬಾಲ ಎಳೆದುಬಿಡು ಮಾರಾಯ, ಎರಡಾಗ್ತದೆ."

ಕನ್ನಡದ ಒಂದು ಸುಮ್ಮನೆ ಒಂದು ಸುತ್ತು. ಕೆಳಗೆ ಬಾಲ ಎಳೆದರೆ ಎರಡು. ಎಳೆದೆ. ೧೪ ಹೋಗಿ ೨೪ ಆಯಿತು. ಸೈನ್ ಅಲ್ಲೇ ಉಳಿಯಿತು. ಮಸಿಯೂ ಒಂದೇ, ಅಕ್ಷರವೂ ನನ್ನದೇ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಚಂದವಾಗಿ ಕೂತಿತು ಅಂತ ನನಗೆ ನಾನೇ ಅಂದುಕೊಂಡದ್ದೂ ನೆನಪಿದೆ.

ಸಂಜೆ ಮನೆಗೆ ಹೋದರೆ ಕಾಲೊನಿ ಖಾಲಿ. ಎಲ್ಲರೂ ರಸ್ತೆಯ ಬದಿಯಲ್ಲಿದ್ದರು.

ಎಸ್ಟೇಟಿನಲ್ಲಿ ಆ ವಾರ ಮರಗಸಿ. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡದ ಮೇಲಿನ ನೆರಳು ಕಡಿಮೆ ಮಾಡಲು ಗಂಡಸರು ಮರ ಹತ್ತಿ ಕೊಂಬೆ ಕಡಿಯುತ್ತಾರೆ. ಹೆಂಗಸರು ಕೆಳಗೆ ಬಿದ್ದ ಕೊಂಬೆಗಳನ್ನು ಎಳೆದು ಒಟ್ಟಬೇಕು. ಮೇಲಿನವನು ಕೂಗಿದ ಮೇಲೆ ಓಡಬೇಕು. ಮೇಲಿನವನು ಕೂಗಿದ. ಎಲ್ಲರೂ ಓಡಿದರು. ಕಲ್ಲಮ್ಮನ ಮೊಣಕಾಲು ಓಡಲಿಲ್ಲ. ಅತ್ತಿ ಮರದ ಕೊಂಬೆ ಸೊಂಟದ ಮೇಲೆ ಬಿತ್ತು. ಗೋಣಿಚೀಲವನ್ನು ಜೋಲಿ ಮಾಡಿ ರಸ್ತೆಗೆ ಹೊತ್ತು ತಂದರು. ಕೊಪ್ಪದಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಸೊಂಟದ ಮೂಳೆ ಮುರಿದಿದೆ, ರಾಡು ಹಾಕಬೇಕು, ಇಷ್ಟು ಸಾವಿರ ಹೊಂದಿಸಿ ಅಂದರು. ಕಲ್ಲಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹೂವಮ್ಮ ಜೊತೆಗೆ ಹೋದಳು. ಹದಿನೆಂಟು ದಿನ ಅಲ್ಲೇ ನೆಲದ ಮೇಲೆ ಮಲಗಿದಳು. ಇಪ್ಪತ್ತನಾಲ್ಕನೇ ತಾರೀಕು ಇಲ್ಲಿ ಸಭೆ ನಡೆಯಿತು. ಅವಳ ಸೈನಿನ ಕೆಳಗೆ ಎಲ್ಲರೂ ಸೈನ್ ಹಾಕಿದರು. ಪೈಪಿನ ವಿಷಯ ಬರಲಿಲ್ಲ.

ಕೆಲಸದ ಮೇಲೆ ಪೆಟ್ಟಾದರೆ ಎಸ್ಟೇಟು ಪರಿಹಾರ ಕೊಡಬೇಕು. ಹೂವಮ್ಮ ಶಿವಮೊಗ್ಗದಿಂದ ಬಂದವಳೇ ಮಲ್ಲೇಶಪ್ಪನ ಮುಂದೆ ನಿಂತಳು. ಅವನು ಹಾಜರಿ ಪುಸ್ತಕ ತೆರೆದು ತೋರಿಸಿದ.

"ಕಲ್ಲಮ್ಮ ಅನ್ನೋ ಹೆಸರೇ ಇಲ್ಲ ನೋಡು. ಹದಿನಾಲ್ಕಕ್ಕೆ ಹೂವಮ್ಮ ಹಾಜರ್. ಅವಳು ಸೌದೆ ಕದಿಯಕ್ಕೆ ಬಂದಿರ್ಬೇಕು. ಪುಣ್ಯ, ಧಣಿಗಳು ಕಂಪ್ಲೇಂಟ್ ಕೊಟ್ಟಿಲ್ಲ."

"ನನ್ನ ಬದಲಿಗೆ ಬಂದಿದ್ಲು. ನೀವೇ ಕೂಗಿದ್ರಿ, ಅವ್ಳೇ ಹಾಜರ್ ಅಂದಿದ್ಲು."

"ಯಾರು ನೋಡಿದಾರೆ?"

ನೋಡಿದವರು ಹದಿನೆಂಟು ಜನ. ಅದರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಸಾಕ್ಷಿ ಹೇಳಿದವರ ಹೆಸರು ಹಾಜರಿಯಲ್ಲಿ ಇರುವುದಿಲ್ಲ ಅಂತ ಮಲ್ಲೇಶಪ್ಪ ಹಿಂದಿನ ದಿನವೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ. ಹೇಳಿದವರು ಒಬ್ಬರೂ ಇಲ್ಲ. ಮುಯ್ಯಾಳು ಕೊಟ್ಟ ಹೆಂಗಸರೇ ಮುಖ ತಿರುಗಿಸಿಕೊಂಡರು. ಅವರನ್ನು ಬೈಯಲು ನನಗೆ ಯಾವ ಯೋಗ್ಯತೆ?

ಕಾರ್ಮಿಕರ ದೂರು ಕೇಳುವ ಒಬ್ಬ ಸಾಹೇಬರ ಹತ್ತಿರ ಹೂವಮ್ಮ ಹೋದಳು. ಅವರು ಒಳ್ಳೆಯ ಮಾತನ್ನೇ ಹೇಳಿದರು.

"ಬಾಯಿ ಮಾತು ನಿಲ್ಲೋದಿಲ್ಲಮ್ಮ. ಅವತ್ತು ನೀನು ಪಂಚಾಯಿತಿ ಸಭೇಲಿ ಇದ್ದೆ ಅಂತೀಯಲ, ಆ ಹಾಜರಿ ಪುಟದ ನಕಲು ತಗೊಂಡು ಬಾ. ಅದು ಸಿಕ್ರೆ ಎಸ್ಟೇಟಿನ ಪುಸ್ತಕ ಸುಳ್ಳು ಅಂತಾಯ್ತು. ನೀನು ಅಲ್ಲಿರ್ಲಿಲ್ಲ ಅಂದ್ರೆ ಅಲ್ಲಿದ್ದವಳು ಯಾರು ಅಂತ ಅವ್ರೇ ಹೇಳ್ಬೇಕಾಗ್ತದೆ."

ಹೂವಮ್ಮ ನಗುತ್ತ ಬಂದಳು. ನಿಜ, ನಗುತ್ತ ಬಂದಳು. ಆಫೀಸಿನಲ್ಲಿ ಅಧ್ಯಕ್ಷ ಷಡಕ್ಷರಪ್ಪ ಇದ್ದರು, ವಿದ್ಯಾಶಂಕರ ಇದ್ದರು. ತ್ರಿಪುರಸುಂದರಿಯಮ್ಮ ಯಾವುದೋ ಖಾತೆ ಕೆಲಸಕ್ಕೆ ಬಂದಿದ್ದರು. ಅವಳು ಯಾರನ್ನೂ ನೋಡದೆ ನೇರ ನನ್ನ ಹತ್ತಿರ ಬಂದಳು.

"ಧರ್ಮಣ್ಣ, ಪುಸ್ತಕ ತೆಗಿ. ಹದಿನಾಲ್ಕನೇ ತಾರೀಕಿನ ಪುಟ."

ಆ ಗಳಿಗೆಯವರೆಗೂ ನನಗೆ ಹೊಳೆದಿರಲಿಲ್ಲ, ದೇವರಾಣೆ. ಆ ಬಾಲಕ್ಕೂ ಕಲ್ಲಮ್ಮನ ಸೊಂಟಕ್ಕೂ ಸಂಬಂಧ ಇದೆ ಅಂತ ನನ್ನ ತಲೆಗೆ ಬಂದಿರಲೇ ಇಲ್ಲ. ಪುಸ್ತಕ ತೆಗೆದುಕೊಟ್ಟೆ. ಅವಳು ಬೆರಳಿಟ್ಟು ಹುಡುಕಿದಳು. ಹಿಂದಿನ ಪುಟ ಏಪ್ರಿಲ್. ಮುಂದಿನದು ೨೪-೫. ಮೇಲೆ ಅವಳದೇ ಸೈನು.

"ಇದೆಂತದು? ಇಪ್ಪತ್ತನಾಲ್ಕಕ್ಕೆ ನಾನು ಶಿವಮೊಗ್ಗದಲ್ಲಿ ಕಲ್ಲಕ್ಕನ ಉಚ್ಚೆ ಬಟ್ಟೆ ತೊಳೀತಿದ್ದೆ. ನಾನೆಲ್ಲಿ ಬಂದು ಸೈನ್ ಹಾಕ್ದೆ?"

ವಿದ್ಯಾಶಂಕರ ಕನ್ನಡಕ ತೆಗೆದರು. "ಹದಿನಾಲ್ಕಕ್ಕೆ ಸಭೆ ಆಗಿಲ್ಲಮ್ಮ. ಆಗದ ಸಭೆಗೆ ಹಾಜರಿ ಹೆಂಗೆ ಬರ್ತದೆ? ಇಪ್ಪತ್ತನಾಲ್ಕರ ಸಭೆಗೆ ನೀವು ಹಾಜರಿದ್ದೀರಿ ಅಂತ ಉಂಟು. ಅದು ನಿಮಗೇ ಒಳ್ಳೇದಲ್ವಾ?"

"ನಂಗೆ ಒಳ್ಳೇದು ಬ್ಯಾಡ. ಇದ್ದದ್ದು ಬೇಕು." ಅವಳು ನನ್ನ ಕಡೆ ತಿರುಗಿದಳು. "ಧರ್ಮಣ್ಣ, ಹೇಳು. ಚಾ ಕೊಟ್ಟವನು ನೀನು. ಬನ್ನು ಕೊಟ್ಟವನು ನೀನು. ಅವತ್ತು ಮೂರು ಗಂಟೆ ತಂಕ ನಾನು ಇಲ್ಲಿ ಕೂತಿದ್ದೆ. ಹೇಳು."

ಅಧ್ಯಕ್ಷರು ನಡುವೆ ಬಾಯಿ ಹಾಕಿದರು. ಎಸ್ಟೇಟಿನ ಧಣಿಗೂ ಅವರಿಗೂ ಒಳ್ಳೆಯ ಬಳಕೆ, ಅದು ಊರಿಗೇ ಗೊತ್ತು. ಧ್ವನಿ ಏರಿಸಲಿಲ್ಲ.

"ಏನೋ ಧರ್ಮಪ್ಪ, ಕೇಳಿದ್ದಕ್ಕೆ ಸರಿಯಾಗಿ ಹೇಳು. ಅವತ್ತು ಮೀಟಿಂಗ್ ಆಯ್ತನಾ?"

ನಾನು ಅವಳನ್ನು ನೋಡಲಿಲ್ಲ. "ಇಲ್ಲ. ಮೀಟಿಂಗ್ ಆಗ್ಲಿಲ್ಲ" ಅಂದೆ.

ಸುಳ್ಳು ಹೇಳಲಿಲ್ಲ ನಾನು. ಸಭೆ ಆಗಿರಲಿಲ್ಲ ತಾನೆ? ಎಷ್ಟೋ ದಿನ ನನಗೆ ನಾನು ಹೀಗೇ ಹೇಳಿಕೊಂಡಿದ್ದೇನೆ. ಥೂ.

ಹೂವಮ್ಮ ಬಾಗಿಲ ಪಕ್ಕದ ತನ್ನ ಕುರ್ಚಿಯನ್ನು ಎಳೆದು ಅಧ್ಯಕ್ಷರ ಮೇಜಿನ ಎದುರಿಗೇ ಹಾಕಿಕೊಂಡು ಕೂತಳು. ಪೂರ್ತಿ ಕೂತಳು.

"ಹಂಗಾದ್ರೆ ಇನ್ನೊಂದು ಬರ್ಕೊಳ್ಳಿ. ನಂಗೆ ಕೂಲಿ ಬೇಕು. ಇಲ್ಲಿಗೆ ಬಂದ ದಿನದ್ದು, ಕೊಪ್ಪಕ್ಕೆ ಹೋದ ದಿನದ್ದು, ಎಲ್ಲ. ಗೌರವಧನ ಬ್ಯಾಡ. ಗೌರವ ನಿಮಗಿರಲಿ. ಕೂಲಿ ಕೊಡಿ. ಎರಡು ವರ್ಷದಿಂದ ನಂಗೆ ಕೂಲಿ ಕೊಟ್ಟಿದ್ರೆ ನನ್ನ ಬದಲಿಗೆ ಕಲ್ಲಕ್ಕ ಯಾಕೆ ಹೋಗ್ತಿದ್ಲು?"

ಷಡಕ್ಷರಪ್ಪ ನಕ್ಕರು. "ಇದು ಸೇವೆ ಮಾರಾಯ್ತಿ. ಸೇವೆಗೆ ಕೂಲಿ ಕೇಳ್ತಾರಾ? ನಾವು ಯಾರಾದ್ರೂ ಕೇಳಿದೀವಾ?"

"ನೀವು ಇಲ್ಲಿ ಕೂತಾಗ ನಿಮ್ಮ ತೋಟದಲ್ಲಿ ಆಳು ದುಡೀತಾರೆ. ನಾನು ಇಲ್ಲಿ ಕೂತ್ರೆ ನನ್ನ ಒಲೆ ಹತ್ತಲ್ಲ. ಸೇವೆ ಮಾಡಕ್ಕೆ ಹೊಟ್ಟೆ ತುಂಬಿರ್ಬೇಕು ಒಡೇರೆ."

ತ್ರಿಪುರಸುಂದರಿಯಮ್ಮನ ಮುಖ ಕೆಂಪಾಗಿತ್ತು. "ನೀನು ಅವತ್ತೇ ಹೇಳ್ಬಹುದಿತ್ತಲ್ಲೆ ಹೂವಮ್ಮ, ದುಡ್ಡು ಬೇಕು ಅಂತ" ಅಂದರು ಮೆಲ್ಲಗೆ.

"ನೀವೆಲ್ಲ ಬ್ಯಾಡ ಅಂದ ಮೇಲೆ ನಾನು ಬೇಕು ಅಂದ್ರೆ ನನ್ನ ಮುಖ ಎಲ್ಲಿಡ್ಲಿ ಅಮ್ಮ?"

ವಿದ್ಯಾಶಂಕರ "ಇತರೆ ವಿಷಯದಲ್ಲಿ ಬರ್ಕೋತೀನಿ, ಮೇಲಿನೋರಿಗೆ ಕಳಿಸ್ತೀನಿ" ಅಂದರು. ಬರೆಯುವವನು ನಾನು. ನನಗೆ ಬರೆಯಲು ಹೇಳಲೇ ಇಲ್ಲ.

ಆ ಶನಿವಾರ ಎಸ್ಟೇಟಿನಲ್ಲಿ ಬಟವಾಡೆ. ಹೆಂಡತಿಗೆ ಜ್ವರ, ಅವಳ ಕೂಲಿ ತರಲು ನಾನೇ ಹೋಗಿದ್ದೆ. ಹೂವಮ್ಮನ ಸರದಿ ಬಂತು. ಆಸ್ಪತ್ರೆಯಲ್ಲಿದ್ದುದರಿಂದ ಮೇ ತಿಂಗಳ ಅವಳ ಬಾಕಿ ಕೂಲಿ ಹಾಗೇ ಉಳಿದಿತ್ತು. ಅಷ್ಟು ದಿನ ತಪ್ಪಿಸಿದರೂ ಮಲ್ಲೇಶಪ್ಪ ಅವಳ ಹೆಸರು ಹೊಡೆದಿರಲಿಲ್ಲ, ಹದಿನಾಲ್ಕನೇ ತಾರೀಕಿಗೆ ಅವಳ ಸೈನ್ ಅವನಿಗೆ ಬೇಕಿತ್ತು. ಮಲ್ಲೇಶಪ್ಪ ನೋಟು ಎಣಿಸಿ ಇಟ್ಟು ಪುಸ್ತಕ ತಿರುಗಿಸಿದ.

"ಇಲ್ಲಿ ಸೈನ್ ಹಾಕು."

"ಹದಿನಾಲ್ಕನೇ ತಾರೀಕಿಂದು ತೆಗೀರಿ. ಅದು ನಂದಲ್ಲ, ಕಲ್ಲಕ್ಕಂದು. ಅಲ್ಲಿ ಅವಳ ಹೆಸರು ಬರೀರಿ. ಆಮೇಲೆ ಹಾಕ್ತೀನಿ."

"ಒಟ್ಟು ಮಾಡಿದ್ದು ಬಿಡ್ಸಕ್ಕೆ ಬರಲ್ಲ. ಹಾಕಿದ್ರೆ ಎಲ್ಲ ಸಿಗ್ತದೆ, ಹಾಕ್ಲಿಲ್ಲ ಅಂದ್ರೆ ಒಂದು ಪೈಸೆ ಇಲ್ಲ."

"ಹಾಕಲ್ಲ."

ಅಷ್ಟು ಸಣ್ಣ ಮಾತು. ಬೆಟ್ಟದತೋಟದಲ್ಲಿ ಹೆಚ್ಚು ಕೂಲಿ ಕೇಳಿದವರಿದ್ದಾರೆ, ಮುಂಗಡ ಕೇಳಿದವರಿದ್ದಾರೆ. ಕೊಟ್ಟ ಕೂಲಿಯನ್ನು ಬೇಡ ಅಂದವರನ್ನು ನಾನು ಅವತ್ತೇ ನೋಡಿದ್ದು. ಹೂವಮ್ಮ ಖಾಲಿ ಕೈಯಲ್ಲಿ ಹೊರಟಳು. ಮರುವಾರವೂ ಹಾಗೇ. ಅದರ ಮರುವಾರವೂ. ಕೆಲಸ ಮಾತ್ರ ಬಿಡಲಿಲ್ಲ, ಎಂಟಕ್ಕೆ ಹೋಗಿ ನಿಲ್ಲುತ್ತಿದ್ದಳು. ಅಂಗಡಿಯಲ್ಲಿ ಸಾಲ ನಿಂತಿತು. ಮಗಳು ಶಾಲೆಯ ಬಿಸಿಯೂಟವನ್ನು ಅಜ್ಜಿಗೂ ಕಟ್ಟಿಕೊಂಡು ಬರತೊಡಗಿದಳು. ನಾವು ಒಂದಿಷ್ಟು ಅಕ್ಕಿ ಕೊಡಲು ಹೋದರೆ, "ಮತ್ತೆ ಮುಯ್ಯಿ ಬ್ಯಾಡ ಧರ್ಮಣ್ಣ, ತೀರ್ಸಕ್ಕೆ ನಂಗೆ ದಿನ ಇಲ್ಲ" ಅಂದಳು.

ಕಲ್ಲಮ್ಮನನ್ನು ರಾಡು ಹಾಕಿಸದೆಯೇ ಮನೆಗೆ ತಂದಾಗಿತ್ತು. ಕಾಲಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಇಟ್ಟಿಗೆ ಕಟ್ಟಿ ಮಂಚದಾಚೆ ಇಳಿಬಿಟ್ಟಿದ್ದರು. ಅಲ್ಲಾಡುವ ಹಾಗಿಲ್ಲ. ಬೆನ್ನಿನಲ್ಲಿ ಹುಣ್ಣು. ಹೂವಮ್ಮ ಬೆಳಿಗ್ಗೆ ಸಂಜೆ ಹೋಗಿ ತೊಳೆದು ಒರೆಸಿ ಬರುತ್ತಿದ್ದಳು.

ನಾಲ್ಕನೇ ವಾರ ಮಲ್ಲೇಶಪ್ಪ ತಾನೇ ಕಾಲೊನಿಗೆ ಬಂದ. ಹಾಜರಿ ಪುಸ್ತಕದಲ್ಲಿ ಸೈನ್ ಇಲ್ಲದ ಜಾಗ ಅವನಿಗೂ ಚುಚ್ಚುತ್ತಿತ್ತು. ಕಲ್ಲಮ್ಮನ ಮನೆಯ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ಬಾಗಿಲ ಹತ್ತಿರ ನಾವೆಲ್ಲ ಇದ್ದೆವು.

"ಧಣಿಗಳು ಧರ್ಮಕ್ಕೆ ಅಂತ ಐದು ಸಾವಿರ ಕೊಡ್ತಾರೆ. ಮುದುಕಿ ಔಷಧಿಗೆ. ಹೂವಿ ಸೈನ್ ಹಾಕ್ಲಿ, ಈಗ್ಲೇ ಕೊಡ್ತೀನಿ. ಪರಿಹಾರ ಗಿರಿಹಾರ ಅಂತ ಓಡಾಡೋದು ಬಿಡ್ಬೇಕು."

"ಧರ್ಮ ಯಾರಿಗೆ ಬೇಕು? ಅವಳು ಕೆಲ್ಸ ಮಾಡ್ತಾ ಬಿದ್ದಿದ್ದು" ಅಂತ ಹೂವಮ್ಮ ಕಿರುಚಿದಳು. ಅವಳು ಕಿರುಚಿದ್ದನ್ನು ಅದಕ್ಕೂ ಮುಂಚೆ ನಾವು ಕೇಳಿರಲಿಲ್ಲ.

ಮಂಚದ ಮೇಲಿಂದ ಕಲ್ಲಮ್ಮ ಕರೆದಳು.

"ಹೂವಿ. ಇಲ್ಲಿ ಬಾ."

ಅವಳು ಹೋಗಿ ಮಂಚದ ಹತ್ತಿರ ಕೂತಳು.

"ಹಾಕೇ ಸೈನು."

"ಅಕ್ಕ, ಹಾಕಿದ್ರೆ ನೀನು ಅವತ್ತು ಅಲ್ಲಿರ್ಲೇ ಇಲ್ಲ ಅಂತಾಗ್ತದೆ. ಕಳ್ಳಿ ಅಂತಾಗ್ತದೆ."

"ಆಗ್ಲಿ. ನಂಗೆ ನೋವು ತಡಿಯಕ್ಕಾಗಲ್ಲ ಕಣೆ. ಮಾತ್ರೆ ಮುಗ್ದು ನಾಕು ದಿನ ಆಯ್ತು. ನೀನೂ ಉಣ್ಣದೆ ಬಂದು ನನ್ನ ಎತ್ತಿ ಇಳಿಸ್ತೀಯ, ನಿನ್ನ ಕೈ ನಡುಗ್ತದೆ. ನಂಗೆ ಭಯ ಆಗ್ತದೆ, ಬೀಳಿಸ್ತೀಯೇನೋ ಅಂತ. ಹಾಕು."

ಹೂವಮ್ಮ ಎದ್ದು ಬಂದಳು. ಮಲ್ಲೇಶಪ್ಪ ಪುಸ್ತಕವನ್ನು ಜಗುಲಿಯ ಮೇಲೆ ಇಟ್ಟ. ಅವಳು ಬಗ್ಗಿ ಸೈನ್ ಹಾಕಿದಳು. ಹೂವಮ್ಮ ಅಂತ ಪೂರ್ತಿ ಬರೆದಳು. ಅವನು ಐದು ಸಾವಿರ ಎಣಿಸಿ ಕಲ್ಲಮ್ಮನ ಮಂಚದ ಕಡೆ ಎಸೆಯಲಿಲ್ಲ, ಅಷ್ಟು ಕೆಟ್ಟವನಲ್ಲ, ಹೂವಮ್ಮನ ಕೈಗೇ ಕೊಟ್ಟ. ಹದಿನಾಲ್ಕನೇ ತಾರೀಕಿನ ಕೂಲಿಯನ್ನೂ ಸೇರಿಸಿ ಅವಳ ಬಾಕಿ ಕೂಲಿ ಎಲ್ಲ ಕೊಟ್ಟ. ಅಲ್ಲಿಗೆ ಮುಗಿಯಿತು. ಕಲ್ಲಮ್ಮ ಎಸ್ಟೇಟಿನಲ್ಲಿ ಇರಲಿಲ್ಲ. ಹೂವಮ್ಮ ಪಂಚಾಯಿತಿಯಲ್ಲಿ ಇರಲಿಲ್ಲ. ಎರಡು ಪುಸ್ತಕವೂ ಒಂದೇ ಮಾತು ಹೇಳಿದವು.

ಆಫೀಸಿನಲ್ಲಿ ಕೂಲಿ ಕೇಳಿದ ದಿನದಿಂದಲೇ ಹೂವಮ್ಮ ಸಭೆಗೆ ಬರುವುದನ್ನು ಬಿಟ್ಟಿದ್ದಳು. ನಾನು ಜೂನಿನ ನೋಟಿಸು ಕೊಟ್ಟೆ. ಜುಲೈದು ಕೊಟ್ಟೆ. ಆಗಸ್ಟ್, ಸೆಪ್ಟೆಂಬರ್. ತೆಗೆದುಕೊಳ್ಳುತ್ತಿದ್ದಳು, ಒಲೆಯ ಹತ್ತಿರ ಇಡುತ್ತಿದ್ದಳು. ಅವಳ ಬದಲಿಗೆ ಹೋಗುವವರು ಇನ್ನು ಕಾಲೊನಿಯಲ್ಲಿ ಯಾರೂ ಇರಲಿಲ್ಲ, ಅವಳು ಕರೆಯಲೂ ಇಲ್ಲ. ಬಾಗಿಲ ಪಕ್ಕದ ಕುರ್ಚಿಯ ಮೇಲೆ ವಿದ್ಯಾಶಂಕರ ಹಳೆಯ ಫೈಲುಗಳನ್ನು ಇಟ್ಟರು. ಅಕ್ಟೋಬರ್‌ನಲ್ಲಿ ಅವರು ಹೇಳಿದರು, ನಾನು ಬರೆದೆ. "ಸತತ ನಾಲ್ಕು ಸಭೆಗಳಿಗೆ ಸಕಾರಣವಿಲ್ಲದೆ ಗೈರುಹಾಜರಾಗಿರುವುದರಿಂದ ತಮ್ಮ ಸದಸ್ಯತ್ವವನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ..."

ಭಾನುವಾರ ಮಧ್ಯಾಹ್ನ ತೆಗೆದುಕೊಂಡು ಹೋದೆ. ಹೂವಮ್ಮ ತನ್ನ ಮನೆಯ ಅಂಗಳದ ಕಲ್ಲಿನ ಮೇಲೆ ಕಲ್ಲಮ್ಮನ ಬಟ್ಟೆ ಒಗೆಯುತ್ತಿದ್ದಳು. ಕಲ್ಲಮ್ಮನ ಒಂದು ಕಾಲು ಗಿಡ್ಡವಾಗಿದೆ. ಗೋಡೆ ಹಿಡಿದು ಬಚ್ಚಲಿನವರೆಗೆ ಹೋಗುತ್ತಾಳೆ. ಒಮ್ಮೊಮ್ಮೆ ಅಷ್ಟೂ ಆಗುವುದಿಲ್ಲ.

ಹೂವಮ್ಮ ಕೈ ಒರೆಸಿಕೊಂಡು ನೋಟಿಸು ಪೂರ್ತಿ ಓದಿದಳು. ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತ.

"ಅಕ್ಷರ ನಿಂದೇ ಅಲ್ವಾ?"

"ಹೌದು."

"ಚಂದ ಉಂಟು."

"ತಲುಪಿದ್ದಕ್ಕೆ ಇಲ್ಲೊಂದು ಸೈನ್ ಹಾಕು ಹೂವಿ."

"ಹಾಕಲ್ಲ."

"ಸೈನ್ ಇಲ್ದೆ ತಗೊಂಡು ಹೋದ್ರೆ ನಂಗೆ ಬೈತಾರೆ ಮಾರಾಯ್ತಿ. ನನ್ನ ಕೆಲ್ಸ ನಿಂಗೆ ಗೊತ್ತಲ."

ಅವಳು ನೋಟಿಸನ್ನು ನನ್ನ ಕೈಗೆ ವಾಪಸು ಕೊಟ್ಟಳು. ಕೋಪ ಇರಲಿಲ್ಲ ಮುಖದಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೂವಮ್ಮ ಮನೇಲಿ ಇರ್ಲಿಲ್ಲ ಅಂತ ಬರ್ಕೋ ಧರ್ಮಣ್ಣ. ನಾನು ಎಲ್ಲಿ ಇರ್ಲಿಲ್ಲ ಅಂತ ಬರಿಯಕ್ಕೆ ನಿಂಗೆ ಬರ್ತದಲ."

ಮತ್ತೆ ಕೂತು ಬಟ್ಟೆಗೆ ಸೋಪು ಹಚ್ಚತೊಡಗಿದಳು. ಏನಾದರೂ ಹೇಳಬೇಕಿತ್ತು. ಏನು ಹೇಳಬೇಕಿತ್ತು ಅಂತಲೂ ಗೊತ್ತಿತ್ತು. ಅವಳ ಜಗುಲಿಯ ಮೇಲೆ ಕೂತು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಜೇಬಿನಿಂದ ಪೆನ್ನು ತೆಗೆದೆ. ಸದಸ್ಯರು ಮನೆಯಲ್ಲಿ ಇರಲಿಲ್ಲ, ನೋಟಿಸನ್ನು ಬಾಗಿಲಿಗೆ ಅಂಟಿಸಲಾಗಿದೆ ಎಂದು ಬರೆದೆ. ಬರೆಯುವಾಗ ಅವಳು ಒಗೆದು ಹಿಂಡಿದ ನೀರು ಹರಿದು ಬಂದು ನನ್ನ ಚಪ್ಪಲಿ ಒದ್ದೆಯಾಯಿತು.